‘ಅರ್ಧಕ್ಕ ಕೈ ಬಿಟ್ರಲ್ರೀ!’: ಓದುಗರ ಪ್ರಶ್ನೆ, ನಮ್ಮ ಉತ್ತರ

‘ದಿ ಫ್ಯಾಮಿಲಿ ಮ್ಯಾನ್’ ಮೂರನೇ ಸೀಸನ್ 2025ರ ನವೆಂಬರ್ 21ರಂದು ಪ್ರೈಮ್ ವಿಡಿಯೊದಲ್ಲಿ ಬಂತು. ಏಳೂ ಕಂತು ಒಂದೇ ದಿನ. ಭಯೋತ್ಪಾದನೆ ತಡೆಯುವ ‘ಟಾಸ್ಕ್’ ಎಂಬ ಕಾಲ್ಪನಿಕ ಘಟಕದ ಅಧಿಕಾರಿ ಶ್ರೀಕಾಂತ್ ತಿವಾರಿ, ಅಂದರೆ ಮನೋಜ್ ಬಾಜಪೇಯಿ, ಈ ಸಲ ಈಶಾನ್ಯ ಭಾರತದಲ್ಲಿ ಸಿಕ್ಕಿಕೊಳ್ಳುತ್ತಾನೆ. ಎದುರಾಳಿ ರುಕ್ಮಾ ಆಗಿ ಜೈದೀಪ್ ಅಹ್ಲಾವತ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಇನ್ನೂ ನೋಡದವರು ಮೊದಲ ಪ್ರಶ್ನೆ ದಾಟಿ ಮುಂದೆ ಹೋಗಿ.

ರಾತ್ರಿಯೆಲ್ಲಾ ಎಚ್ಚರಿದ್ದು ಏಳೂ ಕಂತು ನೋಡಿದ್ವಿ. ಕಡೀಕ ಏನೂ ಹೇಳದನ ಮುಗಿಸಿಬಿಟ್ರು. ಇದು ಮೋಸ ಅಲ್ಲೇನ್ರಿ?
– ಗೋಕಾಕದ ಓದುಗರು

ಅರ್ಧ ಮೋಸ ಎನ್ನಬಹುದು. ಯಾವ ಅರ್ಧ ಎಂಬುದನ್ನು ನೋಡೋಣ.

ಇಂಥ ಥ್ರಿಲ್ಲರ್‌ನ ಪ್ರತಿ ಸೀಸನ್ನಿಗೂ ಎರಡು ಸಾಲ ಇರುತ್ತವೆ. ಮೊದಲನೆಯದು ಈ ಸೀಸನ್ನಿನ ಗಂಡಾಂತರ: ಯಾರು, ಯಾಕೆ, ಏನು ಮಾಡಲು ಹೊರಟಿದ್ದಾರೆ, ತಡೆದರೋ ಇಲ್ಲವೋ. ಎರಡನೆಯದು ನಾಯಕನ ಸಂಸಾರ, ನೌಕರಿ, ಮರ್ಯಾದೆ. ಎರಡನೆಯದನ್ನು ಎಷ್ಟು ವರ್ಷ ಬೇಕಾದರೂ ಉದ್ರಿ ಇಟ್ಟುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಮೊದಲನೆಯದನ್ನು ಮಾತ್ರ ಆಯಾ ಸೀಸನ್ನಿನಲ್ಲೇ ತೀರಿಸಬೇಕು.

2019ರ ಸೆಪ್ಟೆಂಬರ್‌ನ ಮೊದಲ ಸೀಸನ್ ಸಹ ಹೀಗೇ ನಿಂತಿತ್ತು. ಹತ್ತನೇ ಕಂತಿನ ಕೊನೆಗೆ ದೆಹಲಿಯ ರಾಸಾಯನಿಕ ಕಾರ್ಖಾನೆಯಲ್ಲಿ ಅನಿಲ ಸೋರುವುದನ್ನು ತೋರಿಸಿ ಪರದೆ ಕಪ್ಪಾಯಿತು. ಆಗಲೂ ಜನ ಬೈದರು. ಆದರೆ ಸಂಚು ಯಾರದು, ಏನು ಎಂಬುದೆಲ್ಲ ಅಷ್ಟರಲ್ಲಿ ಬಯಲಾಗಿತ್ತು. ಉಳಿದದ್ದು ಫಲಿತಾಂಶ ಮಾತ್ರ. 2021ರ ಜೂನ್ 4ರ ಎರಡನೇ ಸೀಸನ್ ಒಂಬತ್ತು ಕಂತಿನಲ್ಲಿ ಎದುರಾಳಿ ರಾಜಿಯ (ನಟಿ ಸಮಂತಾ) ಕಥೆಯನ್ನು ಪೂರ್ತಿ ಮುಗಿಸಿತು. ಜನ ಅದನ್ನು ಕೊಂಡಾಡಿದ್ದಕ್ಕೆ ಸಮಂತಾ ಅವರ ಅಭಿನಯದಷ್ಟೇ ಈ ಲೆಕ್ಕ ಚುಕ್ತಾ ಆದದ್ದೂ ಕಾರಣ. ಮೂರನೆಯದರಲ್ಲಿ ರುಕ್ಮಾನ ಲೆಕ್ಕವೂ ತೀರಲಿಲ್ಲ, ಶ್ರೀಕಾಂತನ ಗತಿಯೂ ತಿಳಿಯಲಿಲ್ಲ. ಎರಡೂ ಸಾಲ ಬಾಕಿ. ನಿಮಗೆ ಉರಿದದ್ದು ಅಲ್ಲಿ. ರಾತ್ರಿಯಿಡೀ ಸಣ್ಣಾಟ ಆಡಿ, ಮಂಗಳ ಹಾಡದೆ ಗಂಟುಮೂಟೆ ಕಟ್ಟಿದರೆ ನಿಮ್ಮೂರಲ್ಲಿ ಮೇಳದವರನ್ನು ಸುಮ್ಮನೆ ಕಳಿಸುತ್ತಾರೆಯೇ?

ಇದರ ಮೇಲೆ ಕಂತಿನ ಸಂಖ್ಯೆ ಹತ್ತರಿಂದ ಒಂಬತ್ತು, ಒಂಬತ್ತರಿಂದ ಏಳಕ್ಕೆ ಇಳಿದಿದೆ. ಕಾಯುವ ಕಾಲ ಮಾತ್ರ ಸುಮಾರು ಇಪ್ಪತ್ತು ತಿಂಗಳಿಂದ ಐವತ್ಮೂರು ತಿಂಗಳಿಗೆ ಏರಿದೆ. ‘ಮುಂದಿನ ವಾರ ನೋಡಿ’ ಎಂದು ಕೊಂಡಿ ಹಾಕಿದರೆ ಚೆಂದ. ನಾಲ್ಕು ವರ್ಷದ ಮೇಲೆ ಬಂದವರು ಮತ್ತೆ ಕೊಂಡಿ ಹಾಕಿದರೆ ಸಿಟ್ಟು ಬರುವುದು ಸಹಜ.

ಸಿಟ್ಟು ನ್ಯಾಯವಾದದ್ದೇ ಎಂದು ಪರೀಕ್ಷಿಸುವ ಒಂದು ದಾರಿ: ಮೊದಲ ಎರಡು ಕಂತು ಮತ್ತೆ ಹಾಕಿ, ಕಥೆ ತಾನಾಗಿ ಎತ್ತುವ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಐದಾರು ಸಿಗುತ್ತವೆ. ಕೊನೆಯ ಕಂತಿನ ಹೊತ್ತಿಗೆ ಉತ್ತರ ಸಿಕ್ಕವನ್ನು ಹೊಡೆದುಹಾಕಿ. ಉಳಿದವು ಬರೀ ಮನೆಯ ಪ್ರಶ್ನೆಗಳಾಗಿದ್ದರೆ ತಾಳಿಕೊಳ್ಳಿ. ಗಂಡಾಂತರದ ಪ್ರಶ್ನೆಯೇ ಉಳಿದಿದ್ದರೆ ಬೈಯಲು ನಿಮಗೆ ಪೂರ್ತಿ ಹಕ್ಕಿದೆ.

ನಾಲ್ಕು ವರ್ಷ ಏನ್ ಮಾಡಾಕತ್ತಿದ್ರು ಇವ್ರು?
– ರಬಕವಿಯ ಓದುಗರು

ಬೇರೆ ಸೀರಿಯಲ್ ಮಾಡುತ್ತಿದ್ದರು. ನಿರ್ಮಾತೃ ಜೋಡಿ ರಾಜ್ ಮತ್ತು ಡಿಕೆ ಅವರದ್ದೇ ‘ಫರ್ಜಿ’ 2023ರ ಫೆಬ್ರವರಿಯಲ್ಲಿ, ‘ಗನ್ಸ್ ಅಂಡ್ ಗುಲಾಬ್ಸ್’ ಅದೇ ವರ್ಷದ ಆಗಸ್ಟ್‌ನಲ್ಲಿ, ‘ಸಿಟಾಡೆಲ್: ಹನಿ ಬನಿ’ 2024ರ ನವೆಂಬರ್‌ನಲ್ಲಿ ಬಂದವು. ಒಂದೇ ಒಲೆಯ ಮೇಲೆ ನಾಲ್ಕು ಪಾತ್ರೆ. ಬರಹಗಾರರು ಬಿಡುವು ಮಾಡಿಕೊಂಡರೂ ಮಕ್ಕಳ ಪಾತ್ರದವರು ಬೆಳೆಯುವುದನ್ನು ನಿಲ್ಲಿಸಲಾಗದು. ಧೃತಿ, ಅಥರ್ವ ಇಬ್ಬರನ್ನೂ ನೋಡಿದರೆ ಗೊತ್ತಾಗುತ್ತದೆ.

ಮಾತು ಕೇಳಸಂಗಿಲ್ಲ ಅಂತ ವಾಲ್ಯೂಮ್ 40ಕ್ಕ ಇಟ್ರ, ಗುಂಡಿನ ಸಪ್ಪಳಕ್ಕ ಮಲಗಿದ ಕೂಸು ಎದ್ದು ಅಳತೈತಿ. ಟಿವಿ ಕೆಟ್ಟೈತೇನು?
– ಇಳಕಲ್ಲಿನ ಗೃಹಿಣಿ

ಟಿವಿ ಸರಿಯಾಗಿಯೇ ಇದೆ. ಈ ಕಾಲದ ಸೀರಿಯಲ್‌ಗಳ ಧ್ವನಿಯನ್ನು ಸಾಮಾನ್ಯವಾಗಿ 5.1 ಎಂಬ ಲೆಕ್ಕದಲ್ಲಿ ಕೂಡಿಸುತ್ತಾರೆ: ಮುಂದೆ ಎಡ, ಬಲ, ನಡು, ಹಿಂದೆ ಎರಡು, ಗುಡುಗಿನಂಥ ಸದ್ದಿಗೆ ಒಂದು. ಮಾತೆಲ್ಲ ಹೆಚ್ಚುಕಡಿಮೆ ನಡುವಿನ ಸ್ಪೀಕರಿನಲ್ಲೇ ಇರುತ್ತದೆ. ನಿಮ್ಮ ಟಿವಿಯಲ್ಲಿರುವುದು ಎರಡೇ ಸ್ಪೀಕರು, ಅವೂ ಕೆಳಮುಖ ಇಲ್ಲವೇ ಗೋಡೆಯ ಕಡೆ ಮುಖ. ಆರನ್ನೂ ಎರಡರಲ್ಲಿ ತುರುಕುವಾಗ ನಡುವಿನ ಮಾತನ್ನು ಸುಮಾರು 3 ಡೆಸಿಬೆಲ್ ತಗ್ಗಿಸಿ ಎರಡೂ ಕಡೆ ಹಂಚುತ್ತಾರೆ. ಗುಂಡು, ಹೆಲಿಕಾಪ್ಟರು, ಸಂಗೀತ ಎಲ್ಲ ಆ ಎರಡರಲ್ಲೇ ಬಂದು ಮಾತಿನ ಮೇಲೆ ಕೂರುತ್ತವೆ.

ಮೊದಲು ಆ್ಯಪಿನ ಭಾಷೆ-ಧ್ವನಿ ಪಟ್ಟಿ ತೆರೆಯಿರಿ. ಅದೇ ಭಾಷೆಯ ಎರಡು ಧ್ವನಿ ಇದ್ದರೆ 5.1 ಎಂದು ಬರೆಯದೇ ಇರುವುದನ್ನು ಆರಿಸಿ; ‘ಡೈಲಾಗ್ ಬೂಸ್ಟ್’ ಕಂಡರೆ ಅದನ್ನೇ ಹಾಕಿ, ಎಲ್ಲ ಸೀರಿಯಲ್‌ಗೂ ಅದು ಇರುವುದಿಲ್ಲ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಿಜಿಟಲ್ ಔಟ್‌ಪುಟ್ ‘ಆಟೊ’ ಅಥವಾ ‘ಪಾಸ್‌ಥ್ರೂ’ ಇದ್ದರೆ ‘ಪಿಸಿಎಂ’ ಮಾಡಿ. ಸರೌಂಡ್ ಆಫ್, ಕ್ಲಿಯರ್ ವಾಯ್ಸ್ ಆನ್. ರಾತ್ರಿ ನೋಡುವುದಾದರೆ ಆಟೊ ವಾಲ್ಯೂಮ್ ಅಥವಾ ನೈಟ್ ಮೋಡ್ ಕೂಡ ಆನ್. ಇಷ್ಟಾದರೆ ಹೆಚ್ಚಿನ ಮನೆಗಳಲ್ಲಿ 40ರ ಬದಲು 20ರ ಆಸುಪಾಸಿನಲ್ಲೇ ಮಾತು ತಿಳಿಯುತ್ತದೆ.

ಹಳೆಯ ಹೋಂ ಥಿಯೇಟರ್ ಇದ್ದವರು ಒಂದು ನೋಡಿಕೊಳ್ಳಿ: ನಡುವಿನ ಸ್ಪೀಕರಿನ ತಂತಿ ಕಿತ್ತುಹೋಗಿ, ಸೆಟ್ಟಿಂಗ್‌ನಲ್ಲಿ ಮಾತ್ರ ಆ ಸ್ಪೀಕರು ಇದೆ ಎಂದೇ ಉಳಿದಿದ್ದರೆ ಹಿನ್ನೆಲೆ ಸಂಗೀತ ಭರ್ಜರಿ ಕೇಳುತ್ತದೆ, ಮಾತು ಮಾಯ. ತಂತಿ ಸಿಕ್ಕಿಸಿ, ಇಲ್ಲವೇ ಸೆಟ್ಟಿಂಗ್‌ನಲ್ಲಿ ಸೆಂಟರ್ ಸ್ಪೀಕರನ್ನು ‘ನನ್’ (None, ಅಂದರೆ ಇಲ್ಲ) ಮಾಡಿ.

ಫೋನ್ ಬಂದ ಕೂಡ್ಲೆ ‘ಇನ್ನ ಮೂವತ್ತ ಸೆಕೆಂಡ ಮಾತಾಡಸ್ರಿ, ಲೊಕೇಶನ್ ಸಿಗತೈತಿ’ ಅಂತಾರ. ಖರೇನ ಅಷ್ಟ ಹೊತ್ತ ಬೇಕೇನು?
– ಜಮಖಂಡಿಯ ಬಿ.ಎಸ್ಸಿ. ವಿದ್ಯಾರ್ಥಿ

ಬೇಡ. ಅದು ತಂತಿ ಫೋನಿನ ಕಾಲದ ಪಳೆಯುಳಿಕೆ. ಆಗ ಎಕ್ಸ್‌ಚೇಂಜಿನ ಸಿಬ್ಬಂದಿ ಒಂದೊಂದೇ ಸ್ವಿಚ್ ಹಿಡಿದು ಕರೆಯ ಮೂಲಕ್ಕೆ ಹಿಂದೆ ಹಿಂದೆ ಹೋಗಬೇಕಿತ್ತು. ಫೋನ್ ಇಟ್ಟರೆ ಜಾಡು ತಪ್ಪುತ್ತಿತ್ತು. ಮೊಬೈಲಿನಲ್ಲಿ ಕರೆ ಕೂಡುವ ಮೊದಲೇ ನೆಟ್‌ವರ್ಕಿಗೆ ಯಾವ ಟವರು, ಟವರಿನ ಯಾವ ದಿಕ್ಕು ಎಂದು ಗೊತ್ತಿರುತ್ತದೆ. ಯಾವ ನಂಬರು ಯಾರಿಗೆ, ಎಷ್ಟು ಹೊತ್ತು ಎಂಬ ದಾಖಲೆಯನ್ನು ಕಂಪನಿಗಳು ಕನಿಷ್ಠ 2 ವರ್ಷ ಇಡಲೇಬೇಕು.

ಕಷ್ಟ ಇರುವುದು ನಿಖರತೆಯಲ್ಲಿ. ಸಾಮಾನ್ಯವಾಗಿ ಒಂದು ಟವರಿಗೆ 120 ಡಿಗ್ರಿಯ ಮೂರು ಮುಖ. ಫೋನ್ ಎಷ್ಟು ದೂರವಿದೆ ಎಂಬ ಅಂದಾಜು 2ಜಿಯಲ್ಲಿ ಸುಮಾರು 550 ಮೀಟರ್‌ಗೊಂದು ಮೆಟ್ಟಿಲು, 4ಜಿಯಲ್ಲಿ ಸುಮಾರು 78 ಮೀಟರ್. ಜಮಖಂಡಿ ಪೇಟೆಯಲ್ಲಿ ಟವರು ಒತ್ತೊತ್ತಾಗಿರುವುದರಿಂದ ಓಣಿಯ ಮಟ್ಟಕ್ಕೆ ಬರಬಹುದು. ಕೃಷ್ಣಾ ದಂಡೆಯ ಕಬ್ಬಿನ ನಡುವೆ ಒಂದೇ ಟವರು ಹಲವು ಕಿಲೋಮೀಟರ್ ಕಾಯುತ್ತಿದ್ದರೆ ‘ಈ ದಿಕ್ಕಿನಲ್ಲಿ, ಇಷ್ಟು ದೂರದ ಆಸುಪಾಸು’ ಎನ್ನುವುದಷ್ಟೇ ಗತಿ. ಪರದೆಯ ಮೇಲೆ ಒಂದೇ ಮನೆಯ ತಲೆಗೆ ಕೆಂಪು ಚುಕ್ಕಿ ಬರುವುದು ಅಲಂಕಾರ.

ನಿಜವಾಗಿ ತಡವಾಗುವುದು ಕಾಗದದಲ್ಲಿ. ಮಾತು ಕದ್ದು ಕೇಳಲು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ತುರ್ತಿದ್ದರೆ ತನಿಖಾ ಸಂಸ್ಥೆಯ ಹಿರಿಯ ಅಧಿಕಾರಿಯೇ ಆದೇಶ ಮಾಡಬಹುದು. ಆದರೆ 3 ಕೆಲಸದ ದಿನದೊಳಗೆ ತಿಳಿಸಬೇಕು, 7 ಕೆಲಸದ ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಇದನ್ನೆಲ್ಲ ತೋರಿಸಿದರೆ ಕಂತು ಫೈಲಿನಡಿಯೇ ಸತ್ತುಹೋದೀತು ಎಂದು ಬಿಟ್ಟಿರುತ್ತಾರೆ. ಬಿಡಲಿ, ತಕರಾರಿಲ್ಲ. ಆದರೆ ಒಂದನೇ ಕಂತಿನಲ್ಲಿ ಎರಡು ನಿಮಿಷ ಬೇಕಾದ ಕೆಲಸ ಐದನೇ ಕಂತಿನಲ್ಲಿ ಎರಡು ಸೆಕೆಂಡಿಗೆ ಆದರೆ ಮಾತ್ರ ಹಿಡಿದು ಕೇಳಿ. ಲೋಕದ ವಿಷಯದಲ್ಲಿ ಸುಳ್ಳು ಹೇಳುವ ಸಲುಗೆ ಕಥೆಗೆ ಉಂಟು, ತಾನೇ ಹಾಕಿದ ಕಟ್ಟಳೆ ಮುರಿಯುವ ಸಲುಗೆ ಇಲ್ಲ.

ನಮ್ಮ ಮನೆಯಲ್ಲಿ ಉರ್ದು ಓದುತ್ತೇವೆ. ಇಂಥ ಸೀರಿಯಲ್‌ಗಳಲ್ಲಿ ಗೋಡೆ, ಬೋರ್ಡಿನ ಮೇಲಿನ ಬರಹ ಕಂಡರೆ ಎಷ್ಟೋ ಸಲ ನಗು ಬರುತ್ತದೆ. ಯಾರೂ ತಿದ್ದುವುದಿಲ್ಲವೇ?
– ವಿಜಯಪುರ, ಇಬ್ರಾಹಿಂ ರೋಜಾ ಹತ್ತಿರದ ಓದುಗರು

ಗೋಡೆ ತುಂಬ ಅರಬ್ಬಿ ಅಕ್ಷರದ ಕೆತ್ತನೆ ನೋಡುತ್ತ ಬೆಳೆದವರ ಕಣ್ಣಿಗೆ ಇದು ಬೇಗ ಬೀಳುತ್ತದೆ.

ಆಗುವ ತಪ್ಪು ಸಾಮಾನ್ಯವಾಗಿ ಎರಡು. ಈ ಲಿಪಿಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಒಂಟಿ, ಮೊದಲು, ನಡು, ಕೊನೆ ಎಂದು ನಾಲ್ಕು ರೂಪ. ಬಲದಿಂದ ಎಡಕ್ಕೆ ಒಂದಕ್ಕೊಂದು ಕೂಡಿಕೊಳ್ಳಬೇಕು. ಆ ಲಿಪಿಗೆ ಹೊಂದದ ಡಿಸೈನ್ ಸಾಫ್ಟ್‌ವೇರಿನಲ್ಲಿ ಪದ ತಂದು ಅಂಟಿಸಿದರೆ ಅಕ್ಷರಗಳು ಕಳಚಿಕೊಂಡು, ಎಡದಿಂದ ಬಲಕ್ಕೆ ತಿರುಗಿ ಕೂರುತ್ತವೆ. ಹಿಂದಿ ಚಿತ್ರಗಳ ಕನ್ನಡ ಬೋರ್ಡಿನಲ್ಲಿ ಒತ್ತಕ್ಷರ ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲೇ ನಿಂತಿರುತ್ತದಲ್ಲ, ಅದೇ ರೋಗ. ಎರಡನೆಯದು ಶೈಲಿ: ಉರ್ದು ಬೋರ್ಡು ವಾಡಿಕೆಯಂತೆ ಓರೆಯಾಗಿ ಇಳಿಯುವ ನಸ್ತಾಲೀಖ್‌ನಲ್ಲಿರಬೇಕು. ಕರಾಚಿಯ ಚಹಾದಂಗಡಿಗೆ ನೆಟ್ಟಗೆ ಸಾಗುವ ಅರಬ್ಬಿ ನಸ್ಖ್ ಹಾಕಿದರೆ ಓದಲು ಬಂದೀತು, ಊರು ಮಾತ್ರ ಬೇರೆ ಅನ್ನಿಸುತ್ತದೆ. ದೃಶ್ಯವನ್ನು ಅಲ್ಲೇ ನಿಲ್ಲಿಸಿ ನೋಡಿ, ಕ್ಷಣದಲ್ಲಿ ಸಿಕ್ಕಿಬೀಳುತ್ತದೆ.

ತಿದ್ದುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ‘ಹೋಮ್‌ಲ್ಯಾಂಡ್’ ಸಾಕ್ಷಿ. ಅದೂ ಭಯೋತ್ಪಾದನೆ ತಡೆಯುವವರ ಕಥೆ. 2015ರ ಐದನೇ ಸೀಸನ್ನಿಗೆ ಬರ್ಲಿನ್ ಬಳಿ ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ ಹಾಕಿ, ಗೋಡೆ ನಿಜದಂತೆ ಕಾಣಲೆಂದು ಅರಬ್ಬಿಯಲ್ಲಿ ಗೀಚುವ ಕಲಾವಿದರನ್ನು ಕರೆಸಿದರು. ಅವರು ‘ಹೋಮ್‌ಲ್ಯಾಂಡ್ ಜನಾಂಗದ್ವೇಷಿ’ ಎಂದು ಅರಬ್ಬಿಯಲ್ಲೇ ಬರೆದು ಕೂಲಿ ತೆಗೆದುಕೊಂಡು ಹೋದರು. ಸೆಟ್ಟಿನಲ್ಲಿ ಯಾರಿಗೂ ಗೊತ್ತಾಗದೆ ಅದು ಪ್ರಸಾರವೂ ಆಯಿತು. ಅವರು ಬಳಸಿದ ಪದ ‘ವತನ್’. ನಮ್ಮ ಕಡೆ ವತನದಾರರು ಎನ್ನುವಾಗ ಬರುವ ವತನವೂ ಅದೇ ಮನೆತನದ್ದು.

ನಮ್ಮಲ್ಲಿ ನೆಟ್‌ವರ್ಕ್ ಎರಡೇ ಕಡ್ಡಿ. ದಿನಕ್ಕೆ 1.5 ಜಿಬಿ ಪ್ಯಾಕು. ಪೂರ್ತಿ ಸೀಸನ್ ಹೇಗೆ ನೋಡುವುದು?
– ಖಾನಾಪುರ ತಾಲ್ಲೂಕಿನ ಓದುಗರು

ಒಂದು ಲೆಕ್ಕ ನೆನಪಿಡಿ: ಸೆಕೆಂಡಿಗೆ 1 ಮೆಗಾಬಿಟ್ (1 ಎಂಬಿಪಿಎಸ್) ವೇಗದ ಚಿತ್ರ ಗಂಟೆಗೆ 0.45 ಜಿಬಿ ತಿನ್ನುತ್ತದೆ. 5 ಎಂಬಿಪಿಎಸ್‌ನ ಎಚ್‌ಡಿ ಆದರೆ 2.25 ಜಿಬಿ. ಏಳು ಕಂತಿಗೆ ಆರು ಗಂಟೆ ಹಿಡಿದರೆ ಒಂದರಲ್ಲಿ 2.7, ಇನ್ನೊಂದರಲ್ಲಿ 13.5. ಐದಾರು ಇಂಚಿನ ಫೋನಿಗೆ ಎಚ್‌ಡಿ ದಂಡ. ಆ್ಯಪಿನಲ್ಲಿ ಡೌನ್‌ಲೋಡ್ ಗುಣಮಟ್ಟ ಅತಿ ಕಡಿಮೆಯದಕ್ಕಿಟ್ಟು ಬೆಳಗಿನ ಜಾವ ಇಳಿಸಿಕೊಳ್ಳಿ, ಟವರಿನ ಮೇಲೆ ಆಗ ಜನ ಕಡಿಮೆ. ಇಳಿಯುವಾಗ ಫೋನ್ ಬ್ಯಾಟರಿ ಸೇವರ್‌ನಲ್ಲಿದ್ದರೆ ಅರ್ಧಕ್ಕೇ ನಿಲ್ಲುತ್ತದೆ, ಅದನ್ನು ತೆಗೆದುಬಿಡಿ. ಇಳಿಸಿದ ಕಂತಿಗೂ ಅವಧಿ ಇರುತ್ತದೆ, ಒಮ್ಮೆ ಶುರು ಮಾಡಿದರೆ ಬೇಗ ಮುಗಿಸಿ. ಸಬ್‌ಟೈಟಲ್ ಬೇಕಾದ ಭಾಷೆ ಇಳಿಸುವ ಮೊದಲೇ ಆರಿಸಿ. ಎರಡನೇ ಸೀಸನ್ನಿನಲ್ಲಿ ತಮಿಳು ಮಾತು ತಮಿಳಿನಲ್ಲೇ ಇರುವುದರಿಂದ ಸಬ್‌ಟೈಟಲ್ ಇಲ್ಲದೆ ಅರ್ಧ ಕಥೆ ಕೈ ತಪ್ಪುತ್ತದೆ.

ಟೆಲಿಗ್ರಾಂ ಗುಂಪಿನ್ಯಾಗ ‘ಪೂರ್ತಿ ಸೀಸನ್ ಫುಕಟ್’ ಅಂತ ಎಪಿಕೆ ಫೈಲ್ ಬಂದೈತಿ. ಹಾಕ್ಕೋಬಹುದಾ?
– ಅಥಣಿಯ ಓದುಗರು

ಬೇಡ್ರಿ. ವಿಡಿಯೊ ಫೈಲಿಗೆ ಎಪಿಕೆ ಎಂಬ ಬಾಲ ಇರುವುದೇ ಇಲ್ಲ; ಅದು ಆ್ಯಪ್. ಎಸ್‌ಎಂಎಸ್ ಓದುವ ಅನುಮತಿ ಕೇಳಿತೆಂದರೆ ಬ್ಯಾಂಕಿನ ಒಟಿಪಿ ಮೇಲೆ ಕಣ್ಣು. ಈಗಾಗಲೇ ಹಾಕಿದ್ದರೆ ಮೊದಲು ಡೇಟಾ, ವೈಫೈ ಬಂದ್ ಮಾಡಿ, ಆ್ಯಪ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೊದಲ ಸೀಸನ್ನಿನಲ್ಲಿ ವಿಷಾನಿಲದ ಸಂಚು ಇತ್ತಲ್ಲ. ಅಂಥದ್ದಕ್ಕೆ ನಿಜವಾಗಿ ಔಷಧಿ ಇದೆಯೇ?
– ತಿಕೋಟಾದ ದ್ರಾಕ್ಷಿ ಬೆಳೆಗಾರರು

ಇದೆ, ಮತ್ತು ಅದು ನಿಮಗೆ ತೀರ ಅಪರಿಚಿತವೂ ಅಲ್ಲ. ನರಗಳ ಮೇಲೆ ಕೆಲಸ ಮಾಡುವ ವಿಷಾನಿಲಗಳೂ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳೂ ಮೈಯಲ್ಲಿ ಕೆಡಿಸುವುದು ಒಂದೇ ಕಿಣ್ವವನ್ನು. ತೀವ್ರತೆಯಲ್ಲಿ ಮಾತ್ರ ಅಜಗಜಾಂತರ. ಲಕ್ಷಣವೂ ಒಂದೇ ಜಾತಿ: ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ಬಾಯಲ್ಲಿ ನೀರೂರುವುದು, ಬೆವರು, ಎದೆ ಬಿಗಿತ, ಮಾಂಸ ಅದುರುವುದು. ಎರಡಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಅಟ್ರೋಪಿನ್, ಜೊತೆಗೆ ಪ್ರಾಲಿಡಾಕ್ಸಿಮ್. ಸಿನಿಮಾದವರು ತಪ್ಪು ಮಾಡುವುದು ಬಟ್ಟೆಯಲ್ಲಿ: ವಿಷ ತಾಗಿದವನನ್ನು ಹಾಗೆಯೇ ತಬ್ಬಿಕೊಂಡು ಅಳುತ್ತಾರೆ. ಮೊದಲು ಬಟ್ಟೆ ತೆಗೆದು ಮೈಗೆ ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಬೇಕು, ತೊಳೆಯುವವರು ಕೈಗವಸು ಹಾಕಿರಬೇಕು. ತೋಟದಲ್ಲಿ ಸಿಂಪಡಿಸುವಾಗ ಯಾರಿಗಾದರೂ ಹೀಗಾದರೆ 108ಕ್ಕೆ ಕರೆ ಮಾಡಿ, ವಾಂತಿ ಮಾಡಿಸಲು ಹೋಗಬೇಡಿ, ಔಷಧಿಯ ಡಬ್ಬಿಯ ಲೇಬಲ್ ಜೊತೆಗೆ ಒಯ್ಯಿರಿ.

ಹಳೆಯ ‘24’ ಈಗ ನೋಡುತ್ತಿದ್ದೇನೆ. ಒಂದು ಗಂಟೆಯ ಕಥೆ ಎನ್ನುತ್ತಾರೆ, ಕಂತು ಮುಗಿಯುವುದು 43 ನಿಮಿಷಕ್ಕೆ. ಕದ್ದದ್ದು ಯಾರು?
– ಬೆಳಗಾವಿ, ಟಿಳಕವಾಡಿ

ಜಾಹೀರಾತು! ಒಂದೇ ದಿನದ ಕಥೆಯನ್ನು ಗಂಟೆಗೊಂದು ಕಂತಿನಂತೆ 24 ಕಂತಿನಲ್ಲಿ ಹೇಳುವ ಸೀರಿಯಲ್ ಅದು. 2001ರ ನವೆಂಬರ್ 6ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದಾಗ ಆ ಕಂತು ಜಾಹೀರಾತು ಸೇರಿ ಒಂದು ಗಂಟೆ ಹಿಡಿಯುತ್ತಿತ್ತು, ಜಾಹೀರಾತಿನ ಹೊತ್ತಿನಲ್ಲೂ ಕಥೆಯ ಗಡಿಯಾರ ಓಡುತ್ತಿತ್ತು. ಈಗ ಜಾಹೀರಾತು ಕಿತ್ತುಹಾಕಿದ್ದರಿಂದ ಹಳದಿ ಅಂಕಿಗಳು ಹಾರಿಹಾರಿ ಹೋದಂತೆ ಕಾಣುತ್ತವೆ. ನಾಯಕ ಇಡೀ ದಿನ ಊಟ ಮಾಡುವುದಿಲ್ಲ ಎಂದು ಆಡಿಕೊಳ್ಳುವವರಿಗೂ ಉತ್ತರ ಅಲ್ಲೇ: ಜಾಹೀರಾತು ಬಂದಾಗ ಉಂಡಿರಬೇಕು. ಅನಿಲ್ ಕಪೂರ್ ನಟಿಸಿದ ಹಿಂದಿ ‘24’ 2013ರ ಅಕ್ಟೋಬರ್‌ನಲ್ಲಿ ಕಲರ್ಸ್‌ನಲ್ಲಿ ಬಂತು. ಅದಕ್ಕೂ ಮೊದಲು ಅವರು ಅಮೆರಿಕದ ‘24’ರ ಎಂಟನೇ ಸೀಸನ್ನಿನಲ್ಲೂ ನಟಿಸಿದ್ದರು.

ಟಾಸ್ಕ್ ಸೇರಲು ಯಾವ ಪರೀಕ್ಷೆ ಬರೆಯಬೇಕು?
– ಸಿಂದಗಿಯ ಪದವಿ ವಿದ್ಯಾರ್ಥಿನಿ

ಟಾಸ್ಕ್ ಎಂಬುದು ಕಥೆಯಲ್ಲಷ್ಟೇ ಇದೆ. ನಿಜದಲ್ಲಿ ಮೂರು ದಾರಿ ನೋಡಬಹುದು. ಮುಂಬೈ ದಾಳಿಯ ನಂತರ 2008ರ ಕೊನೆಗೆ ಬಂದ ಕಾಯ್ದೆಯಿಂದ ಹುಟ್ಟಿದ ಎನ್‌ಐಎಯ ಸಬ್ ಇನ್‌ಸ್ಪೆಕ್ಟರ್ ಹುದ್ದೆ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಬರುತ್ತದೆ. ಗುಪ್ತಚರ ದಳ ಐಬಿಯ ಎಸಿಐಒ ಹುದ್ದೆಗೆ ಗೃಹ ಸಚಿವಾಲಯವೇ ಅರ್ಜಿ ಕರೆಯುತ್ತದೆ. ಯಾವುದೇ ಪದವಿ ಸಾಕು, ವಯಸ್ಸು 18ರಿಂದ 27, ಮೀಸಲಾತಿಯವರಿಗೆ ಸಡಿಲಿಕೆ. ಮೂರನೆಯದು ಯುಪಿಎಸ್‌ಸಿ ಬರೆದು ಐಪಿಎಸ್ ಆಗಿ, ಆಮೇಲೆ ನಿಯೋಜನೆ ಮೇಲೆ ಹೋಗುವುದು. ಹೊರದೇಶದ ಗುಪ್ತಚರ ಸಂಸ್ಥೆ ‘ರಾ’ಗೆ ನೇರ ನೇಮಕ ಎಂದು ದುಡ್ಡು ಕೇಳುವ ಜಾಹೀರಾತು ಕಂಡರೆ ಪೊಲೀಸರಿಗೆ ತೋರಿಸಿ. ಮೈದಾನದ ಕೆಲಸವೇ ಬೇಕೆಂದರೆ ಅರೆಸೇನಾ ಪಡೆ ನೋಡಿ: ಕಾಡಿನ ಕಾಳಗ ಕಲಿಸುವ ಸಿಆರ್‌ಪಿಎಫ್ ಕೋಬ್ರಾ ಶಾಲೆ ಇರುವುದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ.

ಇಷ್ಟೆಲ್ಲ ಬಾಂಬ್ ಹುಡುಕತಾರ, ಒಂದs ಒಂದು ಮುಧೋಳ ನಾಯಿ ಯಾಕ ತೋರಸಂಗಿಲ್ಲ?
– ಮುಧೋಳದ ಓದುಗರು

ಅಭಿಮಾನ ಸರಿ, ಕೆಲಸ ಬೇರೆ. ಮುಧೋಳ ನಾಯಿ ಮೂಲತಃ ಕಣ್ಣಿನಿಂದ ಬೇಟೆಯಾಡುವ ತಳಿ: ದೂರದ ಚಲನೆ ಹಿಡಿದು ಬಾಣದಂತೆ ಓಡುತ್ತದೆ. ಬಾಂಬ್ ಹುಡುಕಲು ಮೂಗು ನೆಲಕ್ಕಿಟ್ಟು ಒಂದೇ ಕೋಣೆಯಲ್ಲಿ ತಾಳ್ಮೆಯಿಂದ ಸುತ್ತುವ ಲ್ಯಾಬ್ರಡಾರ್, ಬೆಲ್ಜಿಯನ್ ಮ್ಯಾಲಿನ್ವಾ ಮುಂದು. ಆದರೂ 2016ರಲ್ಲಿ ಸೇನೆ ಮುಧೋಳ ಮರಿಗಳನ್ನು ಮೀರಠ್‌ನ ತನ್ನ ಕೇಂದ್ರಕ್ಕೆ ತರಬೇತಿಗೆ ಒಯ್ದಿತ್ತು. ಗಡಿ ಕಾಯುವ ದೃಶ್ಯ ಇದ್ದರೆ ಕೇಳಿ, ನಾವೂ ದನಿ ಕೂಡಿಸುತ್ತೇವೆ.

ಒಬ್ಬರು ಹತ್ತಕ್ಕೆ ಹತ್ತು, ಇನ್ನೊಬ್ಬರು ಹತ್ತಕ್ಕೆ ಒಂದು. ಯಾರನ್ನು ನಂಬಬೇಕು?
– ಬಾಗಲಕೋಟೆ, ನವನಗರ

ಇಬ್ಬರನ್ನೂ ಬಿಡಿ. ನೋಡುಗರು ಅಂಕ ಕೊಡುವ ಜಾಲತಾಣಗಳಲ್ಲಿ ಮೊದಲ ದಿನ ಕಟ್ಟಾ ಅಭಿಮಾನಿಗಳೂ ಕಡುಕೋಪಿಗಳೂ ಹೆಚ್ಚು. ಏಳು ಕಂತು ಪೂರ್ತಿ ನೋಡಲು ಬೇಕಾದಷ್ಟು ಹೊತ್ತು ಕಳೆಯುವ ಮೊದಲೇ ಬಿದ್ದ ಅಂಕಕ್ಕೆ ಬೆಲೆ ಏನು? ಒಟ್ಟು ಸರಾಸರಿ ಬಿಟ್ಟು ಅಂಕಗಳ ಹಂಚಿಕೆ ನೋಡಿ. ಎರಡು ತುದಿಯಲ್ಲಷ್ಟೇ ಗುಡ್ಡೆ ಬಿದ್ದಿದ್ದರೆ ಅದು ಜಗಳ. 6ರಿಂದ 8ರ ನಡುವೆ ಗುಡ್ಡೆ ಇದ್ದರೆ ನೋಡಿದವರ ಮಾತು. ಆಮೇಲೆ ಕಂತುವಾರು ಅಂಕ ತೆರೆಯಿರಿ: ಮೊದಲ ಕಂತುಗಳಿಗೆ ಹೆಚ್ಚು, ಕೊನೆಯದಕ್ಕೆ ಮಾತ್ರ ಧೊಪ್ಪನೆ ಇಳಿದಿದ್ದರೆ ಜನರ ತಕರಾರು ಮುಕ್ತಾಯದ ಮೇಲಷ್ಟೇ, ಸೀಸನ್ ಮೇಲಲ್ಲ.

ಹನ್ನೆರಡು ವರ್ಷದ ಮಗನೂ ನೋಡ್ತೀನಿ ಅಂತಾನ.
– ಹುನಗುಂದದ ತಂದೆ

2021ರ ಐಟಿ ನಿಯಮದ ಪ್ರಕಾರ ಪ್ರತಿ ಸೀರಿಯಲ್ಲಿಗೂ ಯು, ಯು/ಎ 7+, 13+, 16+, ಎ ಎಂಬ ಗುರುತು ಇರಬೇಕು. 13+ ಮತ್ತು ಮೇಲಿನದಕ್ಕೆ ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ಶುರುವಿನಲ್ಲೇ ಮೂಲೆಯಲ್ಲಿ ಗುರುತು ಕಾಣುತ್ತದೆ. ಅವನಿಗೆ ಮಕ್ಕಳ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಪಿನ್ ಅವನ ಹುಟ್ಟಿದ ವರ್ಷ ಆಗಿರದಂತೆ ನೋಡಿಕೊಳ್ಳಿ.

ಎಲ್ಲಾ ಬಿಡ್ರಿ, ಲೋಣಾವಳಾದಾಗ ಅವತ್ತ ಏನಾತು?
– ಚಿಕ್ಕೋಡಿಯ ಓದುಗರು

ಮೊದಲ ಸೀಸನ್ನಿನಲ್ಲಿ ಶ್ರೀಕಾಂತನ ಹೆಂಡತಿ ಸುಚಿ ಅಲ್ಲಿಗೆ ಹೋಗಿ ಬಂದ ಮೇಲೆ ಎರಡು ಸೀಸನ್ ಉದ್ದಕ್ಕೂ ಎಳೆದ ಪ್ರಶ್ನೆ ಇದು. ಮೇಲೆ ಹೇಳಿದ ಲೆಕ್ಕದಲ್ಲಿ ಇದು ಎರಡನೇ ಸಾಲ, ಮನೆಯದು. ವಸೂಲಿಗೆ ಹೋಗಬೇಕಾದವನು ಶ್ರೀಕಾಂತ, ನೀವಲ್ಲ.